ಹಗ್ಗ, ತಂತಿ, ಕೇಬಲ್ಲು

ಪರಭಾಷೆಯ ಮಾತೊಂದು ನಮ್ಮ ಮನೆಗೆ ಬಂದರೆ ಅತಿಥಿಯಂತೆ ಜಗಲಿಯಲ್ಲೇ ಕುಳಿತಿರುವುದಿಲ್ಲ. ಕೆಲವೇ ದಿನಗಳಲ್ಲಿ ಅಡಿಗೆಮನೆಯವರೆಗೂ ನಡೆದುಬಿಡುತ್ತದೆ. 'ಕೇಬಲ್' ಅಂಥದೊಂದು ಮಾತು. ಮಹಾಲಕ್ಷ್ಮಿ ಲೇಔಟಿನ ಯಾವುದಾದರೂ ಬೀದಿಯಲ್ಲಿ ಬೆಳಗಿನ ಹೊತ್ತು ಕಿವಿಗೊಟ್ಟು ನಡೆದರೆ ಸಾಕು. ಗೃಹಿಣಿಗೆ ಧಾರಾವಾಹಿಯ ಹೊತ್ತಿಗೇ ಕೇಬಲ್ ಹೋಗಿದೆಯೆಂಬ ಚಿಂತೆ. ಮಗನಿಗೆ ಫೋನಿನ ಕೇಬಲ್ ಸಿಕ್ಕುತ್ತಿಲ್ಲ. ಯಜಮಾನರ ಸ್ಕೂಟರಿನ ಬ್ರೇಕ್ ಕೇಬಲ್ ತುಂಡಾಗಿದೆ. ಹೊರಗೆ ಕೇಬಲ್ ಹೂಳುವುದಕ್ಕೆಂದು ರಸ್ತೆಯನ್ನೇ ಅಗೆದಿಟ್ಟಿದ್ದಾರೆ. ವಸ್ತುಗಳು ನಾಲ್ಕು, ಹೆಸರು ಒಂದೇ.

ಮೂಲದಲ್ಲಿ ಇದು ದನ ಕಟ್ಟುವ ಹಗ್ಗ. ಲ್ಯಾಟಿನ್ನಿನ 'ಕಾಪುಲುಂ' ಎಂಬ ಶಬ್ದ ಫ್ರೆಂಚಿನ ದಾರಿಯಾಗಿ ಇಂಗ್ಲಿಷನ್ನು ಸೇರಿ ಕೇಬಲ್ ಆಯಿತು. ಅದರ ಹಿಂದಿನ ಧಾತುವಿಗೆ 'ಹಿಡಿ' ಎಂದು ಅರ್ಥ. ನಮ್ಮ 'ಹಗ್ಗ' ಹಳಗನ್ನಡದಲ್ಲಿ 'ಪಗ್ಗ'. ಅದು ಸಂಸ್ಕೃತದ 'ಪ್ರಗ್ರಹ'ದ ತದ್ಭವವೆಂದು ನಿಘಂಟುಕಾರರ ಮತ. ಪ್ರಗ್ರಹವೆಂದರೆ ಲಗಾಮು, ಅಲ್ಲಿಯೂ ಧಾತುವಿನ ಅರ್ಥ ಹಿಡಿಯುವುದೇ! ಆದರೆ ಕನ್ನಡದ ಒಕ್ಕಲಿಗ ಒಂದು ಹೆಸರಿನಿಂದ ತೃಪ್ತನಾದವನಲ್ಲ. ಕರುವಿಗೆ ಕಣ್ಣಿ, ಎತ್ತಿಗೆ ಮೂಗುದಾರ, ದನಗಳನ್ನು ಸಾಲಾಗಿ ಕಟ್ಟಲು ದಾವಣಿ, ಕಪಿಲೆಬಾವಿಗೆ ಮಿಣಿ, ತೇರೆಳೆಯಲು ಹೊರಜಿ. ಹೆಸರು ಕಿವಿಗೆ ಬಿದ್ದೊಡನೆ ಹಗ್ಗದ ಗಾತ್ರ, ಬಲ, ಕೆಲಸ ಮೂರೂ ತಿಳಿಯುತ್ತಿದ್ದವು.

ಹಗ್ಗದ ಕೆಲಸವನ್ನು ಕೇಬಲ್ ಇಂದಿಗೂ ಬಿಟ್ಟಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಮೊದಲ್ಗೊಂಡು ಕಟ್ಟುತ್ತ ಬಂದ ತೂಗುಸೇತುವೆಗಳು ನೇತಾಡುವುದು ಉಕ್ಕಿನ ಹಗ್ಗಗಳ ಮೇಲೆಯೇ. ಶರಾವತಿಯ ಹಿನ್ನೀರಿನ ಮೇಲೆ, ಸಿಗಂದೂರಿನ ದಾರಿಯಲ್ಲಿ, 2025ರ ಜುಲೈಯಲ್ಲಿ ತೆರೆದ ಸುಮಾರು 2.4 ಕಿಲೋಮೀಟರಿನ ಸೇತುವೆಯನ್ನೂ ಜನ ಕರೆಯುವುದು ಕೇಬಲ್ ಸೇತುವೆಯೆಂದೇ.

ಇನ್ನು ತಂತಿ. ವೀಣೆಯ ಮೇಲೆ ಸುಖವಾಗಿದ್ದ ಈ ಮಾತು ಹತ್ತೊಂಬತ್ತನೆಯ ಶತಮಾನದಲ್ಲಿ ಟೆಲಿಗ್ರಾಫ್ ಕಂಬವನ್ನೇರಿತು. 1870ರಲ್ಲಿ ಮುಂಬಯಿಗೂ ಸೂಯೆಜ್‌ಗೂ ನಡುವೆ ಕಡಲ ತಳದಲ್ಲಿ ಕೇಬಲ್ ಹಾಸಿದ ಮೇಲೆ ಸಮುದ್ರ ದಾಟುವ ಸುದ್ದಿಗೆ 'ಕೇಬಲ್' ಎಂಬ ಹೆಸರು ಬಂತು. ನಮ್ಮ ಅಂಚೆಯವನು ತಂದುಕೊಡುತ್ತಿದ್ದುದು ಮಾತ್ರ 'ತಂತಿ'. ತಂತಿ ಬಂದಿದೆಯೆಂದರೆ ಒಡೆದು ಓದುವ ಮೊದಲೇ ಅಳುವವರಿದ್ದರು. 2013ರ ಜುಲೈಯಲ್ಲಿ ಆ ಸೇವೆಯೇ ನಿಂತುಹೋಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹರಿದುಬಂದದ್ದು ತಂತಿಯ ಮೇಲೆ. ಮುಂದೆ 1990ರ ದಶಕದಲ್ಲಿ ಕೊಲ್ಲಿ ಯುದ್ಧದ ಚಿತ್ರಗಳೂ 1994ರಲ್ಲಿ ಉದಯ ಟಿ.ವಿ.ಯೂ ಬಂದಾಗ, 'ಕೇಬಲ್' ಎಂಬುದು ನಮ್ಮ ಮನೆಗಳಲ್ಲಿ ವಸ್ತುವಿನ ಹೆಸರಾಗಿ ಉಳಿಯದೆ ಮನೋರಂಜನೆಯ ಹೆಸರೇ ಆಗಿಹೋಯಿತು.

ಇದೆಲ್ಲ ಶಬ್ದಗಳ ವಿನೋದವೆಂದು ವಾಚಕರು ನಗಬಹುದು. ಆದರೆ ತಂತಿಗೂ ಕೇಬಲ್ಲಿಗೂ ಇರುವ ಭೇದ ಪ್ರಾಣಕ್ಕೆ ಸಂಬಂಧಿಸಿದ್ದು. ತಂತಿ ಬತ್ತಲೆ, ಕೇಬಲ್ ಅಂಗಿ ತೊಟ್ಟದ್ದು. ಬೀದಿಯ ಕಂಬದ ನೆತ್ತಿಯಲ್ಲಿ ಪಿಂಗಾಣಿ ಬಿಲ್ಲೆಗಳ ಆಸರೆಯಲ್ಲಿ ಹೋಗುವುದು 11,000 ವೋಲ್ಟಿನ ತಂತಿ. ಅದಕ್ಕೆ ಸುತ್ತಲಿನ ಗಾಳಿಯ ಹೊರತು ಬೇರೆ ಹೊದಿಕೆಯಿಲ್ಲ. ಅದರ ಕೆಳಗೆ ಮನೆಗಳಿಗೆ ಬರುವ ವಿದ್ಯುತ್ತಿನ ಸಾಲು. ಇನ್ನೂ ಕೆಳಗೆ, ಕೈಗೆಟುಕುವಷ್ಟು ತಗ್ಗಿನಲ್ಲಿ, ಕಂಬದಿಂದ ಮರಕ್ಕೆ, ಮರದಿಂದ ತಾರಸಿಗೆ ಜೋತುಬಿದ್ದಿರುವ ಕಪ್ಪು ಗೊಂಚಲುಗಳು ಟಿ.ವಿ. ಮತ್ತು ಇಂಟರ್‌ನೆಟ್ಟಿನ ಕೇಬಲ್ಲುಗಳು. ಅವುಗಳಲ್ಲಿ ಕೆಲವದರ ಒಡಲಲ್ಲಿ ಕೂದಲೆಳೆಯಷ್ಟು ಸಪೂರವಾದ ಗಾಜಿನ ನೂಲು. ಅಲ್ಲಿ ಓಡುವುದು ಬೆಳಕು, ವಿದ್ಯುತ್ತಲ್ಲ. ಆದರೆ ಅದನ್ನು ಬಿಗಿದು ಹಿಡಿಯಲು ಉಕ್ಕಿನ ಎಳೆಯೊಂದಿದ್ದು ಅದು ಮೇಲಿನ ಬತ್ತಲೆ ತಂತಿಗೆ ಸೋಂಕಿದರೆ ನಿರಪರಾಧಿಯೇ ಕೊಲೆಗಾರನಾಗುತ್ತದೆ. (ನಮ್ಮ ಮಹಾಲಕ್ಷ್ಮಿ ನಿಲ್ದಾಣದಲ್ಲಿ 2014ರಿಂದ ನಿಲ್ಲುತ್ತಿರುವ ಮೆಟ್ರೋ ರೈಲಿಗೆ ನೆತ್ತಿಯ ಮೇಲೆ ತಂತಿಯೇ ಇಲ್ಲ, ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟು ಪಡೆಯುತ್ತದೆ. ಹಳಿಗಿಳಿಯಬಾರದೆಂಬ ಎಚ್ಚರಿಕೆಗೆ ಇದೂ ಒಂದು ಕಾರಣ.)

ಮಂದ ಬೆಳಕಿನಲ್ಲಿ ಹಗ್ಗವನ್ನು ಹಾವೆಂದು ಬೆಚ್ಚಿದವನ ದೃಷ್ಟಾಂತವನ್ನು ವೇದಾಂತಿಗಳು ಕೊಡುತ್ತಾರೆ. ನಮ್ಮ ಬೀದಿಗಳಲ್ಲಿ ನಡೆಯುತ್ತಿರುವುದು ಇದರ ವಿಪರೀತ. ಸದಾ ನೇತಾಡುವ ಕೇಬಲ್ಲುಗಳ ನಡುವೆ ಬಾಳಿ ಬಾಳಿ, ಕಾಲಡಿಯ ಹಾವನ್ನೂ ಹಗ್ಗವೆಂದು ದಾಟುವ ಅಭ್ಯಾಸ ಬಂದುಬಿಟ್ಟಿದೆ. 2023ರ ನವೆಂಬರ್ 19ರ ನಸುಕಿನಲ್ಲಿ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರಂ ವೃತ್ತದಲ್ಲಿ, ಕಾಲುದಾರಿಯ ಮೇಲೆ ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಎಳೆಯ ತಾಯಿಯೊಬ್ಬಳೂ ಅವಳ ಒಂಬತ್ತು ತಿಂಗಳ ಕೂಸೂ ಸುಟ್ಟುಹೋದರು.

ಆದ್ದರಿಂದ ಶಾಲೆಗೆ ಹೋಗುವ ಮಕ್ಕಳಿಗೆ ಈ ಎರಡು ಶಬ್ದಗಳನ್ನು ಕಂಬ ತೋರಿಸಿಯೇ ಕಲಿಸುವುದು ಒಳ್ಳೆಯದು. ನೆಲಕ್ಕೆ ಬಿದ್ದದ್ದು ಯಾವುದೇ ಆಗಲಿ, ದೂರ ನಿಲ್ಲಬೇಕು, ಇತರರನ್ನೂ ತಡೆಯಬೇಕು, ಬೆಸ್ಕಾಮಿನ 1912 ಸಂಖ್ಯೆಗೆ ಕರೆಮಾಡಬೇಕು. ಆಗ ಬರಿಯ "ಕೇಬಲ್ ಬಿದ್ದಿದೆ" ಎಂದರೆ ಸಾಲದು. ಬೀದಿ ಯಾವುದು, ಬಿದ್ದದ್ದು ಕಂಬದ ನೆತ್ತಿಯಿಂದಲೋ ನಡುವಿನಿಂದಲೋ ಎಂದು ದೂರದಿಂದಲೇ ನೋಡಿ ಹೇಳಬೇಕು.