ಮಾಂಸಖಂಡದ ಕಡಿವಾಣ

ಕುರುಬರಹಳ್ಳಿಯು ಇಂದು ರಾಜಾಜಿನಗರದೊಡನೆ ಬೆಸೆದು ಬೆಂಗಳೂರೇ ಆಗಿದ್ದರೂ, ಅದರ ಹೆಸರಿನಲ್ಲಿ ಕುರಿ ಕಾಯುವವರ ನೆನಪು ನಿಂತಿದೆ. ಕುರಿಯ ಮೈಕಟ್ಟನ್ನು ಕಣ್ಣಿನಿಂದಲೇ ತೂಗತಕ್ಕವರು ಅವರು. ಗಿಡ್ಡ ಕಾಲಿನ, ತೊಡೆ ತುಂಬಿದ ಬನ್ನೂರು ಕುರಿಯ ಬೆಲೆಯನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಮಾಂಸವು ಎಲ್ಲಿಗೆ ನಿಲ್ಲಬೇಕೆಂಬುದನ್ನು ಮೇವೊಂದೇ ನಿಶ್ಚಯಿಸುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೆ-ಜಿನ್ ಲೀ ಮತ್ತು ಅವರ ಸಹಾಯಕರು 1997ರಲ್ಲಿ ಮಯೋಸ್ಟಾಟಿನ್ ಎಂಬ ಪ್ರೋಟೀನನ್ನು ಪ್ರಕಟಪಡಿಸಿದರು. ಇದರ ಕೆಲಸವು ಸ್ನಾಯುವನ್ನು ಬೆಳೆಸುವುದಲ್ಲ, ತಡೆಯುವುದು. ಇದಿಲ್ಲದ ಇಲಿಗಳ ಸ್ನಾಯುಗಳು ಎರಡು ಮೂರು ಪಟ್ಟು ತೂಗಿದುವು.

ವಿಶೇಷವೇನೆಂದರೆ, ಈ ಪ್ರೋಟೀನು ಹುಟ್ಟುತ್ತಲೇ ಕೆಲಸಕ್ಕೆ ಬಾರದು. ಫ್ಯೂರಿನ್ ಎಂಬ ಕಿಣ್ವವು ಅದರ ಉದ್ದನೆಯ ಸರಪಣಿಯನ್ನು ಮೊದಲು ಎರಡಾಗಿ ಕತ್ತರಿಸುವುದು. ಕತ್ತರಿಸಿದರೂ ಮುಂಭಾಗವು ಹಿಂಭಾಗವನ್ನು ಬಿಡದೆ ತಬ್ಬಿಕೊಂಡೇ ಇರುವುದರಿಂದ ಮಯೋಸ್ಟಾಟಿನ್ ಸುಪ್ತವಾಗಿರುವುದು. ಅನಂತರ ಟಾಲಾಯ್ಡ್ ವರ್ಗದ ಮತ್ತೊಂದು ಕಿಣ್ವವು ಬಂದು ಆ ಮುಂಭಾಗವನ್ನು ಒಂದು ನಿಯತ ಸ್ಥಾನದಲ್ಲಿ ತುಂಡರಿಸಲು, ಹಿಂಭಾಗವು ಬಿಡುಗಡೆಯಾಗಿ ಸ್ನಾಯುವಿಗೆ ‘ಸಾಕು’ ಎನ್ನುವುದು. ಕಛೇರಿಯಲ್ಲಿ ಹುಕುಂ ಬರೆದು ಮೊಹರು ಬಿದ್ದ ಮೇಲೂ ಲಕೋಟೆ ಒಡೆಯುವವರೆಗೆ ಜಾರಿಯಿಲ್ಲವಷ್ಟೆ, ಇದೂ ಹಾಗೆಯೇ. 2003ರಲ್ಲಿ ಶೋಧಕರು ಈ ಕತ್ತರಿ ತಾಗದಂತೆ ಒಂದೇ ಅಮೈನೋ ಆಮ್ಲವನ್ನು ಬದಲಿಸಿದ ಮುಂಭಾಗವನ್ನು ಇಲಿಗಳಿಗೆ ಚುಚ್ಚಲು, ಅವುಗಳ ಸ್ನಾಯು ಹೆಚ್ಚಿತು.

ವೈದ್ಯರ ಆಸೆಯೆಲ್ಲ ಈಗ ಈ ಲಕೋಟೆಯ ಮೇಲಿದೆ. ಬಿಡುಗಡೆಯಾದ ಮಯೋಸ್ಟಾಟಿನನ್ನು ಹಿಡಿಯಹೊರಟ ಡೊಮಾಗ್ರೊಜುಮ್ಯಾಬ್ ಎಂಬ ಔಷಧವು ಡುಶೆನ್ ರೋಗದ ಬಾಲಕರಲ್ಲಿ ಫಲಿಸದೆ 2018ರಲ್ಲಿ ಅದರ ಪರೀಕ್ಷೆಯೇ ನಿಂತಿತು. ಲಕೋಟೆಯೇ ಒಡೆಯದಂತೆ ಸುಪ್ತ ಪ್ರೋಟೀನಿಗೆ ಅಂಟಿಕೊಳ್ಳುವ ಅಪಿಟೆಗ್ರೊಮ್ಯಾಬ್ ಎಂಬುದಾದರೋ, ಬೆನ್ನುಹುರಿಯ ನರಗಳು ನಶಿಸಿ ಸ್ನಾಯು ಕರಗುವ ರೋಗಿಗಳ ಚಲನಶಕ್ತಿಯನ್ನು ಹೆಚ್ಚಿಸಿತೆಂದು 2024ರಲ್ಲಿ ವರದಿಯಾಯಿತು. ಇದನ್ನು ರಕ್ತನಾಳದ ಮೂಲಕ ಕೊಡುವರು. ಗರಡಿಯ ಹುಡುಗರಿಗೆ ಇದೇ ಹೆಸರು ಹೇಳಿ ಮಾರುವ ಪುಡಿಗಳಿಗೂ ಇದಕ್ಕೂ ಸಂಬಂಧವಿಲ್ಲ.

ಕುರಿಯ ಮಾತಿಗೆ ಬರೋಣ. ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯದವರು 2025ರಲ್ಲಿ ಮಯೋಸ್ಟಾಟಿನ್ ಜೀನನ್ನೇ ತಿದ್ದಿದ ಕುರಿಮರಿಯನ್ನು ಭಾರತದಲ್ಲಿ ಮೊದಲಾಗಿ ಪಡೆದರು; ಮಾಂಸವು ಶೇಕಡಾ 30ರಷ್ಟು ಹೆಚ್ಚುವುದೆಂದು ಅವರ ಹೇಳಿಕೆ. ಸಾಹಸವು ಶ್ಲಾಘ್ಯವೇ. ಆದರೆ ಈ ಜೀನು ಸಹಜವಾಗಿಯೇ ಕೆಟ್ಟಿರುವ ಬೆಲ್ಜಿಯನ್ ಬ್ಲೂ ದನಗಳಲ್ಲಿ ಕರುವು ದಪ್ಪನಾಗಿ, ಹಸುವಿನ ಹೊಟ್ಟೆ ಕೊಯ್ದು ತೆಗೆಯುವುದು ವಾಡಿಕೆಯಾಗಿದೆ. ಬಯಲಿನಲ್ಲಿ ಈಯುವ ಕುರಿಗೆ ನಮ್ಮ ಕುರಿಗಾಹಿಯು ಎಲ್ಲಿಂದ ಶಸ್ತ್ರವೈದ್ಯನನ್ನು ತಂದಾನು?