ಕುದುರೆಯ ಮೇವು ಬೆಳಗಿನ ತಿಂಡಿಯಾದದ್ದು

ಹುರುಳಿಗೆ ಇಂಗ್ಲಿಷರು ಇಟ್ಟ ಹೆಸರು ‘ಹಾರ್ಸ್ ಗ್ರಾಮ್’. ಅವರ ಕಣ್ಣಿಗೆ ಅದು ಲಾಯದ ಕಾಳು. ಅದೇ ಕಾಳನ್ನು ಬೇಯಿಸಿ, ಕಟ್ಟು ಬಸಿದು, ಸಾರು ಮಾಡಿ ಮುದ್ದೆಯೊಡನೆ ಉಂಡ ಹಳೇ ಮೈಸೂರಿನ ಮನೆಗಳಲ್ಲಿ ಕುದುರೆ ತಿನ್ನುತ್ತದೆಂಬ ಕಾರಣಕ್ಕೆ ಯಾರೂ ಹುರುಳಿ ಬಿಡಲಿಲ್ಲ. ಇಂಥದೇ ಹಣೆಬರಹದ ಇನ್ನೊಂದು ಧಾನ್ಯ ಓಟ್ಸ್. ನಮ್ಮಲ್ಲಿ ರೇಸ್ ಕುದುರೆಗಳಿಗೆ ಅದು ಹಳೆಯ ಪರಿಚಯ. ಮನುಷ್ಯರ ಅಡುಗೆಮನೆಗೆ ಡಬ್ಬಿಯಲ್ಲಿ ಬಂದು ಕೂತದ್ದು ಈಚೆಗೆ. ಅದೂ ವೈದ್ಯರ ಸಲಹೆಯ ಜೊತೆಗೆ, ಗಂಜಿಯ ರೂಪದಲ್ಲಿ. ಆದ್ದರಿಂದಲೇ ಬಹಳ ಮಂದಿಗೆ ಅದು ತಿಂಡಿ ಎನ್ನುವುದಕ್ಕಿಂತ ಪಥ್ಯ.

ಆದರೆ ಓಟ್ಸನ್ನು ಪಥ್ಯವೆಂದು ಯಾರೂ ಭಾವಿಸದ ಒಂದು ಊರಿನ ಕಡೆ ಇದೆ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿ ಬೆಳಗಿನ ತಿಂಡಿಗೆ ಹೆಸರಾದದ್ದು ‘ಬೇಕ್ಡ್ ಓಟ್‌ಮೀಲ್’. ಓಟ್ಸಿಗೆ ಹಾಲು, ಮೊಟ್ಟೆ, ಬೆಣ್ಣೆ, ಸಕ್ಕರೆ, ಸೇಬಿನ ಹೋಳು ಸೇರಿಸಿ ಕಲಸಿ, ತಟ್ಟೆಗೆ ಸುರಿದು ಓವನ್ನಿನಲ್ಲಿ ಬೇಯಿಸುತ್ತಾರೆ. ಬರ್ಫಿಯಂತೆ ಚೌಕವಾಗಿ ಕತ್ತರಿಸಿ, ಬಿಸಿಯಿರುವಾಗಲೇ ಬಟ್ಟಲಿಗೆ ಹಾಕಿ ಮೇಲೆ ತಣ್ಣನೆಯ ಹಾಲು ಹೊಯ್ಯುತ್ತಾರೆ. ಗಂಜಿಯೂ ಅಲ್ಲ, ಕೇಕೂ ಅಲ್ಲ, ಎರಡರ ನಡುವಿನದು.

ಈ ತಿಂಡಿಗೆ ಅಲ್ಲಿನ ಆಮಿಶ್ ಪಂಗಡದ ಹೆಸರನ್ನು ಅಂಟಿಸುವುದು ವಾಡಿಕೆ. ಆಮಿಶರು ಸ್ವಿಟ್ಜರ್ಲೆಂಡ್ ಹಾಗೂ ಜರ್ಮನಿಯ ಸೀಮೆಗಳಿಂದ 18ನೇ ಶತಮಾನದಲ್ಲಿ ಬಂದು ನೆಲೆಸಿದ ಕ್ರೈಸ್ತರು. ಇಂದಿಗೂ ಸ್ವಂತ ಕಾರು ಇಟ್ಟುಕೊಳ್ಳುವುದಿಲ್ಲ, ಮನೆಗೆ ಊರಿನ ವಿದ್ಯುತ್ ತಂತಿ ಎಳೆಸುವುದಿಲ್ಲ, ಕುದುರೆ, ಹೇಸರಗತ್ತೆ ಕಟ್ಟಿ ಉಳುತ್ತಾರೆ. ಇಂಥವರ ಹೆಸರು ಹೊತ್ತ ತಿಂಡಿಯನ್ನು ಪ್ರವಾಸಿಗರು ಇನ್ನೂರು ಮುನ್ನೂರು ವರ್ಷ ಹಳೆಯದೆಂದು ನಂಬಿದರೆ ಆಶ್ಚರ್ಯವಿಲ್ಲ. ಆದರೆ ಅದರ ಸಾಮಾನು ಪಟ್ಟಿಯೇ ಬೇರೆ ಕತೆ ಹೇಳುತ್ತದೆ. ಚಪ್ಪಟೆ ಮಾಡಿದ ಓಟ್ಸ್ ಹುಟ್ಟಿದ್ದು 1870ರ ದಶಕದ ಗಿರಣಿಗಳಲ್ಲಿ. ಅಮೆರಿಕದಲ್ಲಿ ಬೇಕಿಂಗ್ ಪೌಡರ್ ಬಂದದ್ದು 1850ರ ದಶಕದಲ್ಲಿ. ಬೇಗ ಬೇಯುವ ಸಣ್ಣ ಓಟ್ಸ್ ಪೇಟೆಗೆ ಬಂದದ್ದು 1922ರಲ್ಲಿ. ಹಳ್ಳಿಯ ಅಜ್ಜಿಯ ಕೈಯಡುಗೆಯಂತೆ ಕಾಣುವ ಈ ತಿಂಡಿ ನಿಜಕ್ಕೂ ಕಾರ್ಖಾನೆಯ ಕೂಸು.

ಓಟ್ಸಿನ ಹುಟ್ಟೂ ಅಂಥ ಗೌರವದ್ದಲ್ಲ. ಗೋಧಿ, ಬಾರ್ಲಿಯ ಹೊಲಗಳಲ್ಲಿ ಅದು ಕಳೆಯಾಗಿ ಬೆಳೆಯುತ್ತಿತ್ತು. ಬೀಜದ ಜೊತೆ ಬೆರೆತು ಚಳಿ ಮತ್ತು ತೇವ ಹೆಚ್ಚಿರುವ ಉತ್ತರ ಯೂರೋಪಿಗೆ ಹೋದಾಗ ಗೋಧಿ ಸೋತಿತು, ಕಳೆ ಗೆದ್ದಿತು. ಕಳೆಯೇ ಬೆಳೆಯಾದ ಇಂಥ ಪ್ರಸಂಗಗಳನ್ನು ರಷ್ಯದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವ್ ವಿವರಿಸಿದ್ದಾರೆ. ರೋಮಿನ ಪ್ಲಿನಿಗೆ ಓಟ್ಸ್ ಎಂದರೆ ಕೆಟ್ಟುಹೋದ ಬಾರ್ಲಿ. ಅದರ ಗಂಜಿ ಕುಡಿದೇ ಜರ್ಮನ್ ಬುಡಕಟ್ಟಿನವರು ಬದುಕುತ್ತಾರೆಂದು ಆತ ಬರೆದ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ಇನ್ನೂ ಮುಂದೆ ಹೋಯಿತು. ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಇದನ್ನು ಸ್ಕಾಟ್‌ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂಬ ಧಾಟಿಯಲ್ಲಿ ಅರ್ಥ ಕೊಟ್ಟಿತು. ಅದಕ್ಕೇ ಇಂಗ್ಲೆಂಡಿನ ಕುದುರೆಗಳೂ ಸ್ಕಾಟ್‌ಲೆಂಡಿನ ಮನುಷ್ಯರೂ ಅಷ್ಟು ಚೆನ್ನಾಗಿರುವುದು ಎಂದು ಸ್ಕಾಟರು ತಿರುಗೇಟು ಕೊಟ್ಟರಂತೆ.

ಸ್ಕಾಟ್‌ಲೆಂಡಿನಲ್ಲಿ ಓಟ್ಸ್ ಎಂದರೆ ನಮ್ಮ ಬಯಲುಸೀಮೆಯಲ್ಲಿ ರಾಗಿ ಎಂದಂತೆ. ನೀರು ಕುದಿಸಿ, ಒಂದು ಕೈಯಲ್ಲಿ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಲ್ಲಿ ಕೋಲಿನಿಂದ ತಿರುವುವ ಅವರ ರೀತಿ ಕಂಡರೆ ಅಂಬಲಿ ಕಾಸುವವರಿಗೆ ಏನೂ ವಿವರಿಸಬೇಕಾಗಿಲ್ಲ. ರುಚಿಗೆ ಉಪ್ಪು, ಸಕ್ಕರೆಯಲ್ಲ. ಉಳಿದ ಗಂಜಿಯನ್ನು ಮರದ ಬೀರುವಿನ ಸೆಳೆಖಾನೆಗೆ ಸುರಿದು, ಆರಿ ಗಟ್ಟಿಯಾದ ಮೇಲೆ ತುಂಡು ಮಾಡಿ ಹೊಲಕ್ಕೆ ಒಯ್ಯುತ್ತಿದ್ದರೆಂದು ಹೇಳುತ್ತಾರೆ. ಅಲ್ಲಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ‘ಮೀಲ್ ಮಂಡೆ’ ಎಂಬ ರಜೆಯೇ ಇತ್ತು. ಊರಿಂದ ತಂದ ಓಟ್ಸ್ ಹಿಟ್ಟು ಮುಗಿದ ವಿದ್ಯಾರ್ಥಿ ಮನೆಗೆ ಹೋಗಿ ಮತ್ತೊಂದು ಚೀಲ ಹೊತ್ತು ತರಲೆಂದು ಕೊಟ್ಟ ಸೋಮವಾರದ ರಜೆ ಅದು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ರೊಟ್ಟಿ ಬುತ್ತಿಗಾಗಿ ಕಾದು ಓದಿದ ಧಾರವಾಡದ ಹಳೆಯ ವಿದ್ಯಾರ್ಥಿಗಳಿಗೆ ಇದು ಅರ್ಥವಾದೀತು.

ಇಷ್ಟೆಲ್ಲ ಓಟ್ಸ್ ತಿಂದರೂ ಸ್ಕಾಟರು ಅದನ್ನು ಓವನ್ನಿಗೆ ಇಟ್ಟದ್ದು ಕಡಿಮೆ. ಬಡವರ ಗುಡಿಸಲಿನಲ್ಲಿ ಓವನ್ ಇರಲಿಲ್ಲ. ಇದ್ದದ್ದು ತೆರೆದ ಬೆಂಕಿ ಮತ್ತು ಹೆಂಚು. ಮೇಲಾಗಿ ಗೋಧಿ ಹಿಟ್ಟಿಗಿರುವ ಅಂಟು ಓಟ್ಸಿಗಿಲ್ಲ. ನಾದಿದರೆ ಹಿಗ್ಗುವುದಿಲ್ಲ, ಹುದುಗಿಸಿದರೆ ಬ್ರೆಡ್ಡಿನಂತೆ ಉಬ್ಬುವುದಿಲ್ಲ. ಹೆಂಚಿನ ಮೇಲೆ ತೆಳುವಾಗಿ ತಟ್ಟಿದ ‘ಓಟ್‌ಕೇಕ್’ ಅವರ ರೊಟ್ಟಿಯಾಯಿತು.

ಇನ್ನೊಂದು ತೊಡಕು ಕಾಳಿನ ಒಳಗೇ ಇತ್ತು. ಬೇರೆ ಧಾನ್ಯಗಳಿಗಿಂತ ಓಟ್ಸಿನಲ್ಲಿ ಎಣ್ಣೆಯಂಶ ಹೆಚ್ಚು, ನೂರು ಗ್ರಾಮಿಗೆ ಏಳು ಗ್ರಾಮಿನಷ್ಟು. ಕಾಳು ಒಡೆದ ಕೂಡಲೇ ಅದರಲ್ಲಿರುವ ಕಿಣ್ವ ಈ ಎಣ್ಣೆಯನ್ನು ಕೆಡಿಸಲು ತೊಡಗುತ್ತದೆ. ಕೆಲವೇ ದಿನಗಳಲ್ಲಿ ಕಮಟು ವಾಸನೆ, ಕಹಿ. ಕಾಳನ್ನು ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ. ಗೂಡಿನ ಬೆಂಕಿಯಲ್ಲಿ ಕಾಳು ಒಣಗಿಸುವ ರೂಢಿ ಸ್ಕಾಟ್‌ಲೆಂಡಿನಲ್ಲಿ ಮೊದಲೇ ಇತ್ತು. ಅಮೆರಿಕದ ಗಿರಣಿಗಳು ಅದಕ್ಕೆ ಹಬೆ ಸೇರಿಸಿದವು. ಹೊಟ್ಟು ತೆಗೆದ ಕಾಳನ್ನು ಹಬೆಯಲ್ಲಿ ಮೆದುಮಾಡಿ, ಎರಡು ಉಕ್ಕಿನ ಉರುಳೆಗಳ ನಡುವೆ ಹಾಯಿಸಿ ಒತ್ತಿದರೆ ಚಪ್ಪಟೆ ಓಟ್ಸ್ ಸಿದ್ಧ. ನಮ್ಮ ಅವಲಕ್ಕಿಯೂ ಇದೇ ಜಾತಿಯದು. ನೆನೆಸಿ ಹುರಿದ ಭತ್ತವನ್ನು ಒನಕೆಯಲ್ಲಿ ಕುಟ್ಟಿ ಚಪ್ಪಟೆ ಮಾಡಿದವರು ಗಿರಣಿಗಾಗಿ ಕಾಯಲಿಲ್ಲ ಎಂಬುದಷ್ಟೇ ವ್ಯತ್ಯಾಸ. ಮುಕ್ಕಾಲು ಗಂಟೆ ಕುದಿಯಬೇಕಿದ್ದ ಕಾಳು ಚಪ್ಪಟೆಯಾದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಬೇಯತೊಡಗಿತು, ಹಾಲು ಹೀರತೊಡಗಿತು.

ಅಮೆರಿಕದಲ್ಲಿ ಓಟ್ಸ್ ತಿನ್ನಿಸಿದ ಕೀರ್ತಿ ಮುಖ್ಯವಾಗಿ ಇಬ್ಬರದು. ಜರ್ಮನಿಯಿಂದ ಬಂದು ಓಹಾಯೋ ರಾಜ್ಯದ ಆಕ್ರನ್ನಿನಲ್ಲಿ ದಿನಸಿ ಅಂಗಡಿ ಇಟ್ಟ ಫರ್ಡಿನೆಂಡ್ ಶುಮಾಕರ್ 1856ರಲ್ಲಿ ಓಟ್ಸ್ ಗಿರಣಿ ತೆರೆದ. ಕುದುರೆ ಮೇವು ತಿನ್ನುವವರೆಂಬ ಲೇವಡಿ ಗಿರಾಕಿಗಳಿಗೆ ತಪ್ಪಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಸೈನ್ಯ ಅವನ ಓಟ್ಸ್ ಕೊಂಡಿತು, ವ್ಯಾಪಾರ ಕುದುರಿತು. ಆತ ಹಳೆಯ ಕಾಲದವ. ಮಾಲನ್ನು ಪೀಪಾಯಿಗಳಲ್ಲಿ ತುಂಬಿ ಕಳಿಸುತ್ತಿದ್ದ, ಜಾಹೀರಾತಿನಲ್ಲಿ ನಂಬಿಕೆಯಿರಲಿಲ್ಲ, ಗಿರಣಿಗೆ ವಿಮೆಯನ್ನೂ ಮಾಡಿಸಿರಲಿಲ್ಲ. 1886ರಲ್ಲಿ ಗಿರಣಿ ಸುಟ್ಟುಹೋಯಿತು.

ಇನ್ನೊಬ್ಬ ಹೆನ್ರಿ ಕ್ರೊವೆಲ್. 1877ರಲ್ಲಿ ‘ಕ್ವೇಕರ್’ ಎಂಬ ಮುದ್ರೆ ನೋಂದಾಯಿಸಿದ್ದ ಗಿರಣಿಯನ್ನು ಆತ 1881ರಲ್ಲಿ ಕೊಂಡ. ಕ್ವೇಕರ್ ಎಂಬುದು ಸತ್ಯಸಂಧತೆಗೆ ಹೆಸರಾದ ಒಂದು ಧಾರ್ಮಿಕ ಪಂಗಡ. ಕಂಪನಿಗೂ ಆ ಪಂಗಡಕ್ಕೂ ಯಾವ ನಂಟೂ ಇರಲಿಲ್ಲ, ಬೇಕಾಗಿದ್ದದ್ದು ಹೆಸರು ಮಾತ್ರ. ಕ್ರೊವೆಲ್ ಓಟ್ಸನ್ನು ಪೀಪಾಯಿಯಿಂದ ತೆಗೆದು ರಟ್ಟಿನ ಪೊಟ್ಟಣಕ್ಕೆ ತುಂಬಿದ. ಇಲಿ, ಧೂಳು ಸೋಕದ ಪೊಟ್ಟಣ, ಅದರ ಮೇಲೆ ಟೊಪ್ಪಿಯ ಮುದುಕನ ಚಿತ್ರ. ಕೆಲವು ವರ್ಷಗಳಲ್ಲಿ ಪೊಟ್ಟಣದ ಮೇಲೆ ಅಡುಗೆಯ ವಿಧಾನವೂ ಅಚ್ಚಾಗತೊಡಗಿತು. ಮೊದಲು ಓಟ್ಸ್ ಬ್ರೆಡ್ಡು, ಆಮೇಲೆ ಬಿಸ್ಕತ್ತು. ಓಟ್ಸ್ ಕುದಿಸುವುದಕ್ಕೆ ಮಾತ್ರವಲ್ಲ, ಓವನ್ನಿಗೂ ಆಗುತ್ತದೆಂದು ಅಮೆರಿಕದ ಗೃಹಿಣಿಗೆ ಪಾಠ ಹೇಳಿದ್ದರಲ್ಲಿ ಈ ರಟ್ಟಿನ ಪೊಟ್ಟಣದ ಪಾಲು ದೊಡ್ಡದು. 1901ರಲ್ಲಿ ಹಲವು ಗಿರಣಿಗಳು ಕೂಡಿ ಕ್ವೇಕರ್ ಓಟ್ಸ್ ಕಂಪನಿಯಾದವು.

ಅತ್ತ ಕುದುರೆಗಳ ಕಾಲ ಮುಗಿಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ 4 ಕೋಟಿ ಎಕರೆಗೂ ಹೆಚ್ಚು ನೆಲದಲ್ಲಿ ಓಟ್ಸ್ ಬೆಳೆಯುತ್ತಿದ್ದರು, ಬಹುಪಾಲು ದನಕರು, ಕುದುರೆಗಳಿಗೆ. ಟ್ರ್ಯಾಕ್ಟರು, ಮೋಟಾರು ಬಂದ ಮೇಲೆ ಆ ಹೊಲಗಳು ಕರಗಿದವು. ಇಂದು ಆ ದೇಶದ ಗಿರಣಿಗಳಿಗೆ ಓಟ್ಸ್ ಹೆಚ್ಚಾಗಿ ಕೆನಡಾದಿಂದ ಬರುತ್ತದೆ. ತಮಾಷೆಯೆಂದರೆ, ಕುದುರೆ ಬಿಡದ ಆಮಿಶರ ಕೊಟ್ಟಿಗೆಯಲ್ಲಿ ಓಟ್ಸ್ ಇಂದಿಗೂ ಮೇವು. ಒಳಗೆ ತಿಂಡಿಗೆ ಬಳಸುವುದು ಅಂಗಡಿಯಿಂದ ತಂದ ಚಪ್ಪಟೆ ಓಟ್ಸ್, ಬೇಯಿಸುವುದು ಗ್ಯಾಸ್ ಓವನ್ನಿನಲ್ಲಿ. ಮಕ್ಕಳು ಏಳೆಂಟು ಇರುವ ಮನೆಗಳಿಗೆ ಇದು ಹೇಳಿಮಾಡಿಸಿದ ತಿಂಡಿ. ಹಿಂದಿನ ರಾತ್ರಿ ಕಲಸಿಟ್ಟರೆ ಬೆಳಿಗ್ಗೆ ಒಲೆಯ ಮುಂದೆ ನಿಂತು ತಿರುವಬೇಕಾಗಿಲ್ಲ.

ಹಣ್ಣು ಜೊತೆಯಾದ ಇನ್ನೊಂದು ಪ್ರಸಿದ್ಧ ಓಟ್ಸ್ ತಿಂಡಿ ಸ್ವಿಟ್ಜರ್ಲೆಂಡಿನ ‘ಮ್ಯೂಸ್ಲಿ’. 1900ರ ಸುಮಾರಿಗೆ ಜ್ಯೂರಿಕ್ಕಿನ ವೈದ್ಯ ಬಿರ್ಖರ್ ಬೆನ್ನರ್ ರೋಗಿಗಳಿಗೆ ಕೊಡುತ್ತಿದ್ದ ಮೂಲ ಬಟ್ಟಲಿನಲ್ಲಿ ಹೆಚ್ಚು ಪಾಲು ತುರಿದ ಸೇಬು. ನೆನೆಸಿದ ಓಟ್ಸ್ ಒಂದೇ ಚಮಚ. ಇಂದಿನ ಪೊಟ್ಟಣಗಳಲ್ಲಿ ಲೆಕ್ಕ ತಲೆಕೆಳಗಾಗಿದೆ.

ಈಗ ಮಾಡುವ ಬಗೆ. ಎರಡು ಬಟ್ಟಲು ಚಪ್ಪಟೆ ಓಟ್ಸಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ದಾಲ್ಚಿನ್ನಿ ಪುಡಿ. ಇನ್ನೊಂದು ಪಾತ್ರೆಯಲ್ಲಿ ಎರಡು ಬಟ್ಟಲು ಹಾಲು, ಒಂದು ಮೊಟ್ಟೆ, ಎರಡು ಚಮಚ ಕರಗಿದ ಬೆಣ್ಣೆ, ಕಾಲು ಬಟ್ಟಲು ಸಕ್ಕರೆ. ಎರಡನ್ನೂ ಬೆರೆಸಿ, ಒಂದು ಸೇಬಿನ ಹೋಳು ಹಾಕಿ, ಬೆಣ್ಣೆ ಸವರಿದ ತಟ್ಟೆಗೆ ಸುರಿದು 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 35ರಿಂದ 40 ನಿಮಿಷ ಇಡಬೇಕು. ಓಟ್ಸಿಗೆ ಅಂಟಿಲ್ಲವಾದ್ದರಿಂದ ಹಿಡಿದಿಡುವ ಕೆಲಸ ಮೊಟ್ಟೆಯದು. ಮೊಟ್ಟೆ ಬೇಡವಾದವರು ಒಂದು ಕಳಿತ ಬಾಳೆಹಣ್ಣನ್ನು ಹಿಸುಕಿ ಹಾಕಬಹುದು, ತುಂಡು ಕೊಂಚ ಮೆತ್ತಗೆ ಬರುತ್ತದೆ. ಸೇಬು ಆಕಾರ ಬಿಡುವುದಿಲ್ಲ. ಮಾವು, ಅನಾನಸಿನಂಥ ರಸ ಹೆಚ್ಚಿರುವ ಹಣ್ಣಾದರೆ ಹಾಲನ್ನು ಸ್ವಲ್ಪ ತಗ್ಗಿಸಬೇಕು, ಇಲ್ಲವಾದರೆ ನಡುಭಾಗ ಬೇಯದೆ ಪಿಚಪಿಚ ಎನ್ನುತ್ತದೆ.

ಓವನ್ ಇಲ್ಲದ ಮನೆಗಳಿಗೆ ಹಳೆಯ ಉಪಾಯ ಇದ್ದೇ ಇದೆ. ಕುಕ್ಕರಿನ ತಳಕ್ಕೆ ಮರಳು ಅಥವಾ ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್ಟು ಮತ್ತು ವೆಯ್ಟ್ ತೆಗೆದು, ಸಣ್ಣ ಉರಿಯಲ್ಲಿ ಕೇಕ್ ಮಾಡಿದವರಿಗೆ ಇದೂ ಕಷ್ಟವಲ್ಲ. ಹೊತ್ತು ಸ್ವಲ್ಪ ಹೆಚ್ಚು ಬೇಕು. ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ರವೆ, ಬೆಲ್ಲ, ತೆಂಗಿನತುರಿಗೆ ಸೌತೆಕಾಯಿ ಸೇರಿಸಿ ಮಾಡುವ ತವಸಳಿ ಬಲ್ಲವರಿಗಂತೂ ಈ ಪರದೇಶದ ತಿಂಡಿ ಪರಕೀಯವೆನಿಸಲಾರದು.

ಉಳಿದದ್ದು ಆರೋಗ್ಯದ ಮಾತು. ಓಟ್ಸಿನಲ್ಲಿರುವ ಬೀಟಾ ಗ್ಲುಕನ್ ಎಂಬ ಕರಗುವ ನಾರು ರಕ್ತದ ಕೊಲೆಸ್ಟೆರಾಲನ್ನು ತಗ್ಗಿಸುತ್ತದೆ. ದಿನಕ್ಕೆ 3 ಗ್ರಾಮ್ ಸೇವಿಸುವುದನ್ನು ಆಧಾರವಾಗಿಟ್ಟುಕೊಂಡು ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಅಮೆರಿಕ ಸರ್ಕಾರ 1997ರಲ್ಲಿ ಒಪ್ಪಿತು. ಜಾಹೀರಾತುಗಳ ಭರಾಟೆ ಹೆಚ್ಚಿದ್ದು ಅಲ್ಲಿಂದ. ಆದರೆ ಆ 3 ಗ್ರಾಮಿಗೆ ಸುಮಾರು 75 ಗ್ರಾಮ್ ಒಣ ಓಟ್ಸ್ ಬೇಕು. ಮೇಲಿನ ತಟ್ಟೆಯನ್ನು ಆರು ಪಾಲು ಮಾಡಿದರೆ ಒಬ್ಬರಿಗೆ ಸಿಗುವುದು 30 ಗ್ರಾಮಿನಷ್ಟು. ಒಂದು ತುಂಡು ತಿಂದು ಹೃದಯ ಕಾಪಾಡಿಕೊಂಡೆವೆಂದು ಬೀಗುವಂತಿಲ್ಲ. ಲ್ಯಾಂಕಾಸ್ಟರಿನ ಕಡೆಯ ವಿಧಾನಗಳಲ್ಲಿ ಅರ್ಧ ಬಟ್ಟಲು, ಕೆಲವೊಮ್ಮೆ ಇನ್ನೂ ಹೆಚ್ಚು ಸಕ್ಕರೆ ಹಾಕುತ್ತಾರೆ. ಬೆಳಗಿನ ಜಾವಕ್ಕೇ ಎದ್ದು ಕೊಟ್ಟಿಗೆ, ಹೊಲ ಎಂದು ದುಡಿಯುವವರಿಗೆ ಅದು ದಕ್ಕೀತು. ತಿಂದು ಕಚೇರಿಯಲ್ಲಿ ಕೂರುವವರು ಸಕ್ಕರೆಯ ಪಾಲನ್ನು ಹಣ್ಣಿಗೇ ಬಿಡುವುದು ಲೇಸು. ಕಳಿತ ಬಾಳೆ, ಹತ್ತು ಒಣದ್ರಾಕ್ಷಿ ಇದ್ದರೆ ಸಕ್ಕರೆ ಇಲ್ಲದೆಯೂ ನಡೆಯುತ್ತದೆ.

ತಟ್ಟೆ ಹೊರತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬಾರದು. ಅವಸರಪಟ್ಟು ಕತ್ತರಿಸಿದರೆ ತುಂಡು ಪುಡಿಯಾಗಿ, ಮತ್ತೆ ಗಂಜಿಯೇ ಆಗುತ್ತದೆ.