ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ಭೂಗೋಳದ ಲೆಕ್ಕ ಕೇಳಿದರೆ ಸುಮಾರು 14,000 ಕಿಲೋಮೀಟರ್. ವಿಮಾನ ಹಾರಿಸುವವರ ಕೆಲಸ ಶುರುವಾಗುವುದೇ ಈ ಸಂಖ್ಯೆ ಸಿಕ್ಕ ಮೇಲೆ.

ಗೋಡೆಯ ಭೂಪಟದಲ್ಲಿ ಎರಡು ಊರುಗಳ ನಡುವೆ ಅಡಿಪಟ್ಟಿ ಇಟ್ಟು ಗೆರೆ ಎಳೆಯಿರಿ. ಅದು ಅರೇಬಿಯಾ, ಸಹರಾ ಮರುಭೂಮಿ, ಅಟ್ಲಾಂಟಿಕ್ ದಾಟಿ ಅಮೆರಿಕ ಸೇರುತ್ತದೆ. ಈಗ ಗ್ಲೋಬ್ ತೆಗೆದುಕೊಂಡು ಅವೇ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ದಾರ ಉತ್ತರದ ಕಡೆಗೆ, ತುಸು ಪೂರ್ವಕ್ಕೆ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹಾಯ್ದು, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಆರ್ಕ್‌ಟಿಕ್ ತೀರ ಮುಟ್ಟಿ, ಅಲಾಸ್ಕಾದ ಮೇಲಿಂದ ಕೆಳಗಿಳಿಯುತ್ತದೆ. ಉರುಟು ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದೇ. ಚಪ್ಪಟೆ ಹಾಳೆಯಲ್ಲಿ ಅದು ದೊಡ್ಡ ಸುತ್ತಿನಂತೆ ಕಾಣುತ್ತದೆ, ಅಷ್ಟೆ.

ಆದರೆ ಆ ದಾರದ ಮೇಲೆಯೇ ಹಾರಲಾಗದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿಗೂ ಹೆಚ್ಚು. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ, ಮುಖವಾಡದ ಆಮ್ಲಜನಕ ಮುಗಿಯುವಷ್ಟರಲ್ಲಿ ಸುಮಾರು 3,000 ಮೀಟರಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ! ಹಾಗಾಗಿ ದೂರದ ವಿಮಾನಗಳು ಸಾಮಾನ್ಯವಾಗಿ ಆ ಸೀಮೆಯನ್ನು ಬಿಟ್ಟು ಸುತ್ತಿಕೊಂಡು ಹೋಗುತ್ತವೆ.

ಇನ್ನು ಗಾಳಿ. ಹಾರಾಟದ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಪ್ರಬಲ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತಿರುತ್ತದೆ. ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಸಾಕು. ಸರಾಸರಿ 50 ಕಿ.ಮೀ. ಎದುರುಗಾಳಿ ಇದ್ದರೆ ಅದು ಹದಿನಾರೂವರೆ ಗಂಟೆಗೆ ಏರುತ್ತದೆ. ಅಷ್ಟೇ ಹಿಂಗಾಳಿ ಸಿಕ್ಕರೆ ಹದಿನೈದಕ್ಕೂ ಕಡಿಮೆ. ಒಂದೂಮುಕ್ಕಾಲು ಗಂಟೆಯ ಈ ಅಂತರ ದೊಡ್ಡ ವಿಮಾನಕ್ಕೆ ಟನ್ನುಗಟ್ಟಲೆ ಇಂಧನ. ಹೆಚ್ಚುವರಿ ಇಂಧನ ಹೊರುವುದಕ್ಕೂ ಇಂಧನ ಉರಿಯಬೇಕು. ಆದ್ದರಿಂದಲೇ ಪೂರ್ವಕ್ಕೆ ಹೋಗುವಾಗ ಪೆಸಿಫಿಕ್ ಮೇಲಿನ ಹಿಂಗಾಳಿಯನ್ನು ಹಿಡಿಯುವುದು ಲಾಭ, ಮರಳುವಾಗ ಅದೇ ಗಾಳಿಯನ್ನು ತಪ್ಪಿಸುವುದು ಲಾಭ.

ತಪ್ಪಿಸಲು ಒಂದು ಉಪಾಯ ಉತ್ತರ ಧ್ರುವ. ನನಗೆ ಬಹಳ ಚೆನ್ನಾಗಿ ಕಾಣುವ ಲೆಕ್ಕ ಇದು: ಸರಿಯಾಗಿ ಧ್ರುವದ ಮೇಲೆಯೇ ಹಾದರೂ ದೂರ ಹೆಚ್ಚುವುದು 400 ಕಿ.ಮೀ.ಗಿಂತ ಕಡಿಮೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ನೇರ ವಿಮಾನ ಧ್ರುವದ ದಾರಿಯನ್ನೇ ಹಿಡಿಯಿತು. ಬೋಯಿಂಗ್ 777ರ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ನಾಯಕಿ ಕ್ಯಾಪ್ಟನ್ ಝೋಯಾ ಅಗರ್ವಾಲ್. ಬಾನಿನಲ್ಲಿ ಕಳೆದದ್ದು ಸುಮಾರು ಹದಿನೇಳು ಗಂಟೆ, ಕೆಂಪೇಗೌಡ ನಿಲ್ದಾಣದಲ್ಲಿ ಇಳಿದದ್ದು ಮಾತ್ರ 11ರ ನಸುಕಿನಲ್ಲಿ. ಚಳಿಗಾಲದಲ್ಲಿ ಎರಡೂ ಊರುಗಳ ಗಡಿಯಾರಕ್ಕೆ ಹದಿಮೂರೂವರೆ ಗಂಟೆ ಅಂತರವಿರುವುದೇ ಕಾರಣ.

ಧ್ರುವದ ಬಳಿ ಕಾಂತದ ದಿಕ್ಸೂಚಿಯನ್ನು ನಂಬುವಂತಿಲ್ಲ. ಭೂಮಧ್ಯರೇಖೆಯ ಮೇಲೆ ನಿಂತ ಸಂವಹನ ಉಪಗ್ರಹಗಳೂ ಅಲ್ಲಿಗೆ ಎಟಕುವುದಿಲ್ಲ, ಹಳೆಯ ಶಾರ್ಟ್‌ವೇವ್ ರೇಡಿಯೋ ಅಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಚಳಿಯ ಕಾಟ ಬೇರೆ. ಅಮೆರಿಕದಲ್ಲಿ ತುಂಬಿಸುವ ಸಾಮಾನ್ಯ ವಿಮಾನ ಇಂಧನ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಬಹುದು. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರುತ್ತದೆ. ಹೀಗಾಗಿ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆಯನ್ನು ನೋಡುತ್ತಲೇ ಇರುತ್ತಾರೆ. ತೀರಾ ಇಳಿದರೆ ಬೆಚ್ಚಗಿನ ಗಾಳಿ ಹುಡುಕಿ ಎತ್ತರ ಬದಲಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಆಗ ದಾರಿಯ ಲೆಕ್ಕ, ಸಮಯದ ಲೆಕ್ಕ ಎರಡನ್ನೂ ಮತ್ತೆ ಮಾಡಬೇಕಾಗುತ್ತದೆ.